‘ಬಿಸ್ ತ್ಸು’ ಪುರಾಣ

ಭಾನುವಾರ ಮಧ್ಯಾಹ್ನ ಅಂದ್ರೆ ನಮ್ಮನೇಲಿ ಅಜ್ಜಿ ಜೊತೆ ವಿಡಿಯೋ ಕಾಲ್. ಅಲ್ಲಿ ಸಾಗರದಲ್ಲಿ ಅಮ್ಮ ಫೋನ್ ಹಿಡಿದು ಕೂತಿರ್ತಾಳೆ, ಇಲ್ಲಿ ಸ್ಟುಟ್‌ಗಾರ್ಟ್ ಪಕ್ಕದ ನಮ್ಮ ಹಳ್ಳೀಲಿ ಮಗಳು ಹೊಸದಾಗಿ ಕಲಿತ ಕುಣಿತ ತೋರಿಸ್ತಾಳೆ. ನಮಗೆ ಅಮ್ಮನ ಮುಖ, ಹಿಂದಿನ ಗೋಡೆಯ ಕ್ಯಾಲೆಂಡರು, ಎಲ್ಲಾ ಸ್ಪಷ್ಟ. ಅಮ್ಮನಿಗೆ ಮಾತ್ರ ಮೊಮ್ಮಗಳು ಬರೀ ಚೌಕ ಚೌಕ...

“ನಿಮ್ಮಲ್ಲಿ ನೆಟ್‌ವರ್ಕ್ ಸರಿ ಇಲ್ಲಮ್ಮ” ಅಂತ ಎರಡು ವರ್ಷ ಗದರಿದ್ದೆ. ಜರ್ಮನಿಯಲ್ಲಿ ತೊಂದ್ರೆ ಇರೋಕೆ ಸಾಧ್ಯಾನಾ ಅನ್ನೋ ಜಂಭ!

ಮೊನ್ನೆ ಎರಡೂ ಕಡೆ ವೇಗ ಅಳೆದು ನೋಡಿದೆ. ಅಮ್ಮನ ಮನೇದು ಫೈಬರ್. ಕಳಿಸೋ ವೇಗ, ತರಿಸೋ ವೇಗ ಹೆಚ್ಚುಕಮ್ಮಿ ಒಂದೇ. ನಮ್ಮದು ಹಳೇ ಟೆಲಿಫೋನಿನ ತಾಮ್ರದ ತಂತಿ ಮೇಲೆ ಬರೋ ಡಿಎಸ್‌ಎಲ್. ಕಾಂಟ್ರಾಕ್ಟಿನಲ್ಲಿ ‘ಬಿಸ್ ತ್ಸು 16’ ಮೆಗಾಬಿಟ್ ಅಂತಿದೆ. ಬಿಸ್ ತ್ಸು ಅಂದ್ರೆ ‘ವರೆಗೆ’. ಎಕ್ಸ್‌ಚೇಂಜಿನಿಂದ ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತೆ. ನಮ್ಮನೆಗೆ ಬಂದು ತಲುಪೋದು 6. ಕಳಿಸೋಕೆ? ಒಂದಕ್ಕೂ ಕಮ್ಮಿ! ಇಂಥ ಡಿಎಸ್‌ಎಲ್‌ನಲ್ಲಿ ತಂತಿಯ ಬಹುಪಾಲು ತರಿಸೋಕೇ ಮೀಸಲು. ಹಾಗಾಗಿ ಸಿನಿಮಾ ಆರಾಮಾಗಿ ಓಡುತ್ತೆ. ಮಗಳ ಮುಖ ಹೋಗಬೇಕಾದ್ದು ಇನ್ನೊಂದು ದಿಕ್ಕಿಗೆ.

ಇಲ್ಲಿ ಯಾಕೆ ಇನ್ನೂ ತಾಮ್ರ ಅಂತೀರಾ? 1981ರಲ್ಲೇ ಹೆಲ್ಮುಟ್ ಶ್ಮಿಟ್ ಸರ್ಕಾರ ದೇಶಕ್ಕೆಲ್ಲ ಫೈಬರ್ ಎಳೆಯೋ ಯೋಜನೆ ಹಾಕಿತ್ತು. 1982ರಲ್ಲಿ ಹೆಲ್ಮುಟ್ ಕೋಲ್ ಬಂದ್ರು, ಟಿವಿ ಚಾನೆಲ್‌ಗಳಿಗಾಗಿ ತಾಮ್ರದ ಕೇಬಲ್ಲಿಗೆ ಒತ್ತು ಕೊಟ್ರು. 1990ರ ದಶಕದಲ್ಲಿ ಪೂರ್ವ ಭಾಗದ ಕೆಲವು ಕಡೆ ‘ಓಪಾಲ್’ ಹೆಸರಲ್ಲಿ ಫೈಬರ್ ಹಾಕಿದ್ರು, ಆದ್ರೆ ಅದು ಟೆಲಿಫೋನಿಗೆ ಅಂತ ಮಾಡಿದ್ದು. ಆಮೇಲೆ ಡಿಎಸ್‌ಎಲ್ ಬಂದಾಗ ಅದರ ಮೇಲೆ ಓಡಲೇ ಇಲ್ಲ! ಫೈಬರ್ ಇದ್ದೂ ಜನ ವೇಗಕ್ಕಾಗಿ ಕಾಯಬೇಕಾಯ್ತು.

ಇಲ್ಲಿರೋ ಗೆಳೆಯರಿಗೆ ಒಂದು ಮಾತು. 2021ರ ಡಿಸೆಂಬರಿನಿಂದ ಕಾನೂನು ಬದಲಾಗಿದೆ. ಕಾಂಟ್ರಾಕ್ಟಿಗಿಂತ ವೇಗ ತೀರಾ ಕಮ್ಮಿ ಅಂತ ಬುಂಡೆಸ್‌ನೆಟ್ಸ್‌ಆಗೆಂಟೂರ್ ಸಂಸ್ಥೆಯ ತಂತ್ರಾಂಶದಲ್ಲಿ ಅಳೆದು ತೋರಿಸಿದ್ರೆ ಬಿಲ್ ಇಳಿಸಿಕೊಳ್ಳಬಹುದು. ವೈಫೈ ನಡೆಯಲ್ಲ, ಕೇಬಲ್ ಚುಚ್ಚಿಯೇ ಅಳೀಬೇಕು. ಸೈನ್ ಹಾಕೋ ಮುಂಚೆ ಕಳಿಸೋ ವೇಗ ಎಷ್ಟು ಅಂತಾನೂ ಕೇಳಿ.

ಅಮ್ಮನಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಮಾತಿಗೆ ಬೇಕಾಗೋ ವೇಗ ತೀರಾ ಕಮ್ಮಿ ಅಂತಾನೂ ವಿವರಿಸಿದೆ.

“ಹೌದು ಕಣೋ, ನೀನು ಗದರಿದ್ದೆಲ್ಲ ಚೆನ್ನಾಗೇ ಕೇಳಿಸ್ತಿತ್ತು” ಅಂದ್ಲು.