ನಿಕಾಹ್ ಮುಚ್ಚಿಟ್ಟು ವಲಸೆಯೇ?

ಮಗನಿಗೆ ಕೆನಡಾದ ಕಾಯಂ ವಾಸದ ಅನುಮತಿ ಬಂದಿದೆ. ಪ್ರಯಾಣಕ್ಕೆ ಇನ್ನು ಒಂದೇ ತಿಂಗಳು. ಅಷ್ಟರೊಳಗೆ ನಿಕಾಹ್ ನೆರವೇರಿಸಿ ಕಳುಹಿಸೋಣವೆಂದು ಹಿರಿಯರು ನಿರ್ಧರಿಸುತ್ತಾರೆ. ಅರ್ಜಿಯಲ್ಲಿ ಆತ ಅವಿವಾಹಿತ. ‘ಈಗ ತಿಳಿಸಿದರೆ ವಿಳಂಬವಾಗುತ್ತದೆ, ಅಲ್ಲಿಗೆ ತಲುಪಿದ ಬಳಿಕ ಪತ್ನಿಯನ್ನು ಕರೆಸಿಕೊಂಡರಾಯಿತು’ ಎಂಬ ಸಲಹೆಯೂ ಯಾರಿಂದಲೋ ದೊರೆಯುತ್ತದೆ.

ಈ ಸಲಹೆ ಎಷ್ಟು ಅಪಾಯಕಾರಿ ಎಂಬುದನ್ನು ನಾವು ಅರಿಯಬೇಕಾಗಿದೆ. ಕೆನಡಾದ 2002ರ ವಲಸೆ ನಿಯಮಾವಳಿಯ ಪ್ರಕಾರ, ಪತ್ನಿ ಇರುವುದನ್ನು ತಿಳಿಸದೆ, ಆಕೆಯ ತಪಾಸಣೆಗೆ ಅವಕಾಶ ನೀಡದೆ ಕಾಯಂ ನಿವಾಸಿಯಾದವನು ಮುಂದೆ ಕುಟುಂಬ ವರ್ಗದಲ್ಲಿ ಆಕೆಯನ್ನು ಕರೆಸಿಕೊಳ್ಳುವಂತಿಲ್ಲ. ಅನುಮತಿ ಕೈಸೇರಿದ ನಂತರ, ವಿಮಾನವೇರುವ ಮುನ್ನಾದಿನ ನಡೆದ ವಿವಾಹಕ್ಕೂ ಇದು ಅನ್ವಯಿಸುತ್ತದೆ. 2019ರಲ್ಲಿ ತರಲಾದ ರಿಯಾಯಿತಿ ನಿರಾಶ್ರಿತರೇ ಮೊದಲಾದ ಕೆಲವರಿಗಷ್ಟೇ ಸೀಮಿತ. ವೃತ್ತಿ ಅರ್ಹತೆಯ ಮೇಲೆ ಹೋದವರಿಗಲ್ಲ. ಅವರಿಗೆ ಉಳಿಯುವುದು ಮಾನವೀಯ ನೆಲೆಯ ವಿನಂತಿಯೊಂದೇ. ಅದು ಫಲಿಸುವ ಖಾತರಿಯಿಲ್ಲ. ಸುಳ್ಳು ಮಾಹಿತಿ ಸಾಬೀತಾದರೆ ನಿವಾಸದ ಹಕ್ಕೇ ರದ್ದಾಗಿ, ಐದು ವರ್ಷ ಪ್ರವೇಶ ನಿಷೇಧಕ್ಕೂ ಗುರಿಯಾಗಬೇಕಾದೀತು.

‘ನಿಕಾಹ್ ಮಾತ್ರ ಆಗಿದೆ, ನೋಂದಣಿ ಆಗಿಲ್ಲ’ ಎಂಬ ವಾದವೂ ನಿಲ್ಲದು. ಭಾರತದಲ್ಲಿ ನಿಕಾಹ್ ಕಾನೂನುಬದ್ಧ ವಿವಾಹ. ಕೆನಡಾವೂ ಅದನ್ನು ವಿವಾಹವೆಂದೇ ಪರಿಗಣಿಸುತ್ತದೆ. ಮಸೀದಿಯ ದಫ್ತರಿಗೆ ಸಹಿ ಹಾಕಿ, ಊರಿಗೆಲ್ಲ ವಲೀಮದ ಊಟ ಬಡಿಸಿ, ಮರುವಾರ ವಲಸೆ ಅಧಿಕಾರಿಯ ಮುಂದೆ ‘ಅವಿವಾಹಿತ’ ಎನ್ನುವುದು ಎಂತಹ ಪ್ರಾಮಾಣಿಕತೆ? ನಿಕಾಹನ್ನು ಬಹಿರಂಗಪಡಿಸಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳಲ್ಲವೇ ನಾವು?

ಈ ಸುಳ್ಳಿಗೆ ಬಲಿಯಾಗುವವಳು ವಧು. ಅತ್ತ ಪತಿಯ ಬಳಿಗೂ ಹೋಗಲಾರದೆ, ಇತ್ತ ತವರಿನಲ್ಲೂ ನೆಮ್ಮದಿಯಿಲ್ಲದೆ ಆಕೆ ವರ್ಷಗಟ್ಟಲೆ ಕಾಯಬೇಕು. ತಪ್ಪು ಆಕೆಯದಲ್ಲ, ಆಕೆಯನ್ನು ಯಾರೂ ಕೇಳಿಯೂ ಇರುವುದಿಲ್ಲ.

ಸತ್ಯ ತಿಳಿಸಿದರೆ ಆಗುವ ನಷ್ಟವಾದರೂ ಏನು? ಪತ್ನಿಯ ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರಗಳಿಗಾಗಿ ಪ್ರಯಾಣ ಕೆಲವು ತಿಂಗಳು ತಡವಾದೀತು. ಆದರೆ ಆಕೆ ಈಗ ಜೊತೆಗೆ ಹೋಗದಿದ್ದರೂ ಮುಂದೆ ಕರೆಸಿಕೊಳ್ಳುವ ದಾರಿ ಉಳಿಯುತ್ತದೆ. ಎಲ್ಲ ದೇಶಗಳ ನಿಯಮವೂ ಒಂದೇ ಅಲ್ಲ ನಿಜ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಹೊಂದಿದ ತಂದೆ ಅವಿವಾಹಿತ ಮಗನಿಗಾಗಿ ಸಲ್ಲಿಸಿದ ಅರ್ಜಿ, ಮಗ ವಿವಾಹವಾದೊಡನೆ ರದ್ದಾಗುತ್ತದೆ. ಅಂತಹ ಸಂದರ್ಭದಲ್ಲಿ ನಿಕಾಹನ್ನು ಮುಂದೂಡಬಹುದೇ ಹೊರತು ಮುಚ್ಚಿಡಲಾಗದು.

ಆದ್ದರಿಂದ ಹೆಣ್ಣಿನ ಹೆತ್ತವರು ದಿನ ನಿಶ್ಚಯಿಸುವ ಮುನ್ನ ವರನ ಅರ್ಜಿಯಲ್ಲಿ ಏನು ಬರೆದಿದೆಯೆಂದು ಕೇಳಲಿ. ಜಮಾಅತಿನ ಹಿರಿಯರೂ ದಫ್ತರು ತೆರೆಯುವ ಮುನ್ನ ಅದನ್ನೇ ಕೇಳಲಿ. ಸಾಕ್ಷಿಗಳ ಮುಂದೆ ಈ ಹೆಣ್ಣನ್ನು ಒಪ್ಪಿಕೊಂಡವನು ಅದೇ ಮಾತನ್ನು ವಲಸೆ ಕಚೇರಿಗೂ ಬರೆದು ತಿಳಿಸಲಾರನೆಂದರೆ, ಅವನ ಒಪ್ಪಿಗೆಗೆ ಏನು ಅರ್ಥವಿದೆ?