ಮಗ್ಗದಿಂದ ಇಳಿದ ಮೇಲಿನ ಕೆಲಸಕ್ಕೆ ಕೂಲಿ ಬೇಡವೇ?

ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ನಮಗೆಲ್ಲ ಅದು ಹೆಮ್ಮೆಯೇ. ಆದರೆ ಹೆಸರು ಬಂದರೆ ಸಾಕೇ? ಮಗ್ಗದಿಂದ ಕತ್ತರಿಸಿದ ಬಟ್ಟೆ ಇನ್ನೂ ಸೀರೆಯಾಗಿರುವುದಿಲ್ಲ ಎಂಬುದು ನಾನು ಕಲಿಯಲು ಕೂತಾಗಲೇ ಗೊತ್ತಾದದ್ದು.

ತುಂಡಾದ ಎಳೆಯನ್ನು ಸೂಜಿಯಿಂದ ಸೇರಿಸಬೇಕು, ಹೊರಚಾಚಿದ ನೂಲು ಕತ್ತರಿಸಬೇಕು, ಸೆರಗಿನ ತುದಿಯ ಹಾಸೆಳೆಗಳನ್ನು ಹೊಸೆದು ಕುಚ್ಚು ಕಟ್ಟಬೇಕು. ಗಂಟು ಸಡಿಲಾದರೆ ಹೊಕ್ಕು ಜಾರಿ ಹೊರಬರುತ್ತದೆ. "ಬಿಗಿ ಸಾಲದು ಮಾರಾಯ್ತಿ, ಬಿಚ್ಚು!" ಎಂದು ಕಲಿಸುವ ಅಕ್ಕ ಮೂರು ಸಲ ಬಿಚ್ಚಿಸಿದರು.

2019-20ರ ಕೈಮಗ್ಗ ಗಣತಿಯಂತೆ ದೇಶದ 35.22 ಲಕ್ಷ ಕೈಮಗ್ಗ ಕಾರ್ಮಿಕರಲ್ಲಿ 8.48 ಲಕ್ಷ ಮಂದಿ ನೇಯುವವರಲ್ಲ. ನೂಲು ಸುತ್ತುವುದೇ ಮೊದಲಾದ ಪೂರಕ ಕೆಲಸದವರು. ಇವರಲ್ಲಿ ಹೆಂಗಸರೇ ಹೆಚ್ಚು. ಮನೆಮಗ್ಗದಲ್ಲಿ ಇವರ ದುಡಿಮೆ ನೇಕಾರನ ಕೂಲಿಯೊಳಗೇ ಅಡಗಿಹೋಗುತ್ತದೆ. ಲೆಕ್ಕಕ್ಕೆ ಸಿಗುವುದಿಲ್ಲ.

ತರಬೇತಿ ಕೊಡಲಿ, ಕನ್ನಡ ಮನೆಗಳ ಹುಡುಗಿಯರಿಗೆ ಕನ್ನಡದಲ್ಲೇ ಕೊಡಲಿ. ಅದರ ಜತೆಗೆ ಕುಚ್ಚು ಕಟ್ಟುವ ಕೈಗೂ ಸೀರೆಗೆ ಇಂತಿಷ್ಟು ಎಂದು ಕೂಲಿ ಗೊತ್ತುಮಾಡಲಿ. ನಾನು ಹಟಕ್ಕೆ ಕಲಿತೆ. ದುಡ್ಡಿಲ್ಲದ ಕೆಲಸವನ್ನು ಮುಂದಿನವರು ಎಂತಕ್ಕೆ ಕಲಿಯಬೇಕು ಹೇಳಿ?