ಲಕ್ಷ ಪತ್ರಗಳ ತೂಕ

1968ರ ಮಾರ್ಚ್ 1ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ಸ್ಟಾರ್ ಟ್ರೆಕ್’ ಕಂತು ಮುಗಿದ ಕೂಡಲೇ ಒಂದು ಪ್ರಕಟಣೆ ಬಂತು. ಧಾರಾವಾಹಿ ನಿಲ್ಲುವುದಿಲ್ಲ, ಮುಂದಿನ ವರ್ಷವೂ ಇರುತ್ತದೆ ಎಂದು. ವಾಹಿನಿಯನ್ನು ಈ ಮಾತಿಗೆ ಎಳೆತಂದದ್ದು ಅಂಚೆ. ಧಾರಾವಾಹಿ ನಿಲ್ಲಲಿದೆ ಎಂಬ ಗುಸುಗುಸು ಕೇಳಿದ್ದೇ ತಡ, ಅಭಿಮಾನಿ ಬಿಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಇತರ ಅಭಿಮಾನಿಗಳಿಗೆ ಸುದ್ದಿ ಮುಟ್ಟಿಸಿದ್ದರು: ನೀವೂ ಬರೆಯಿರಿ, ಹತ್ತು ಜನರಿಂದಲೂ ಬರೆಸಿ, ಆ ಹತ್ತು ಜನ ಇನ್ನೂ ಹತ್ತು ಜನರನ್ನು ಹಿಡಿಯಲಿ. ವಾಹಿನಿ ಎಣಿಸಿದ ಪತ್ರಗಳೇ ಒಂದು ಲಕ್ಷ ದಾಟಿದವು.

ಈ ಕಥೆಯನ್ನು ಅಭಿಮಾನಿಗಳ ಗೆಲುವೆಂದೇ ಹೇಳುವುದು ರೂಢಿ. ಆದರೆ ಕಂಪನಿಯ ಕುರ್ಚಿಯಲ್ಲಿ ಕೂತು ನೋಡಿ. ವಾಹಿನಿಗೆ ಹಣ ಕೊಡುವವನು ಜಾಹೀರಾತುದಾರ. ಅವನು ಕೇಳುವುದು ಎಷ್ಟು ಮನೆಗಳಲ್ಲಿ ನೋಡುತ್ತಿದ್ದಾರೆ ಎಂದು. ಕೋಟಿಗಳ ಲೆಕ್ಕದಲ್ಲಿ ಒಂದು ಲಕ್ಷ ಯಾವ ಮೂಲೆಗೆ? ಬರೆಯುವವರು ಹಟವಾದಿಗಳು, ಸುಮ್ಮನೆ ಚಾನೆಲ್ ಬದಲಿಸುವವರೇ ಹೆಚ್ಚು. ಅದೂ ಅಲ್ಲದೆ ಧಾರಾವಾಹಿಯ ಕರ್ತೃ ಜೀನ್ ರಾಡನ್‌ಬೆರಿಯೇ ತೆರೆಮರೆಯಲ್ಲಿ ಈ ಚಳವಳಿಗೆ ಒತ್ತಾಸೆಯಾಗಿದ್ದರು. ಹಾಗಾದರೆ ಕೂಗಿದ್ದು ನೋಡುಗನೋ, ನಿರ್ಮಾಪಕನೋ? ಪತ್ರದಲ್ಲಿ ‘ಮುಂದೆ ಹೀಗಾಗಲಿ’ ಎಂದು ಕಥೆ ಹೊಸೆದು ಕಳಿಸಿದರಂತೂ ಎಷ್ಟೋ ಸ್ಟುಡಿಯೊಗಳು ಓದದೆಯೇ ಮರಳಿಸುತ್ತವೆ. ನಾಳೆ ‘ನನ್ನ ಕಥೆ ಕದ್ದರು’ ಎಂದು ಕೋರ್ಟಿಗೆ ಹೋದರೆ ಎಂಬ ಭಯ. ಇದನ್ನು ನಾನು ಸೊಕ್ಕು ಎನ್ನಲಾರೆ.

ಅಭಿಮಾನಿಯ ವಾದವೂ ಹಗುರವಲ್ಲ. ಆಗ ವೀಕ್ಷಕರ ಎಣಿಕೆ ನಡೆಯುತ್ತಿದ್ದದ್ದು ಆಯ್ದ ಕೆಲವು ಮನೆಗಳಲ್ಲಿ. ಆ ಪಟ್ಟಿಯಲ್ಲಿ ನಿಮ್ಮ ಮನೆ ಇಲ್ಲದಿದ್ದರೆ ನೀವು ನೋಡಿದರೂ ಒಂದೇ, ಬಿಟ್ಟರೂ ಒಂದೇ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರೆಂದರು; ವಾಹಿನಿಯ ಖಾತೆಯಲ್ಲಿ ಅದೇ ದೇವರು ಒಂದು ಅಂಕಿ, ಅದೂ ಅಂದಾಜಿನದು. ಆ ಅಂಕಿ ಹೇಳದ್ದನ್ನು ಪತ್ರ ಹೇಳಿತು. ಬರೆದವರಲ್ಲಿ ವೈದ್ಯರು, ವಿಜ್ಞಾನಿಗಳು, ಶಿಕ್ಷಕರು ಬಹಳ ಜನ ಇದ್ದದ್ದನ್ನು ವಾಹಿನಿಯವರು ಗಮನಿಸಿದರು. ಕಾಗದ ಒಳ್ಳೆಯದು ಎಂಬುದೂ ಅವರ ಕಣ್ಣಿಗೆ ಬಿತ್ತಂತೆ! ಜಾಹೀರಾತುದಾರನಿಗೆ ಅಂಥ ಮನೆಗಳೇ ಬೇಕು.

ಆಮೇಲೆ ಆದದ್ದೇನು? ಮೂರನೆಯ ವರ್ಷ ಸಿಕ್ಕಿತು, ಆದರೆ ಶುಕ್ರವಾರ ರಾತ್ರಿ ಹತ್ತು ಗಂಟೆಗೆ, ಹುಡುಗರೆಲ್ಲ ಮನೆ ಬಿಟ್ಟು ತಿರುಗಾಡುವ ಹೊತ್ತಿಗೆ. ಬಜೆಟ್ಟಿಗೂ ಕತ್ತರಿ ಬಿತ್ತು, ರಾಡನ್‌ಬೆರಿ ದಿನನಿತ್ಯದ ಉಸ್ತುವಾರಿಯಿಂದ ದೂರ ಸರಿದರು. 1969ರಲ್ಲಿ ಧಾರಾವಾಹಿ ನಿಂತೇಹೋಯಿತು. ಪತ್ರಗಳು ಕೊಡಿಸಿದ್ದು ಸಮಯವನ್ನು, ಹಿಡಿತವನ್ನಲ್ಲ. ಆದರೂ 55ಕ್ಕೆ ನಿಲ್ಲಬಹುದಾಗಿದ್ದ ಕಂತುಗಳು 79 ಆದವು. ಸ್ಥಳೀಯ ಕೇಂದ್ರಗಳು ದಿನಕ್ಕೊಂದರಂತೆ ಮರುಪ್ರಸಾರ ಮಾಡಲು ಸರಕು ಸಾಕಷ್ಟಾಯಿತು. ಧಾರಾವಾಹಿ ನಿಜವಾಗಿ ಮನೆಮಾತಾದದ್ದು ಆ ಮರುಪ್ರಸಾರದಲ್ಲೇ. 1979ಕ್ಕೆ ಸಿನಿಮಾ ಬಂತು.

2007ರಲ್ಲಿ ಸಿಬಿಎಸ್ ವಾಹಿನಿ ‘ಜೆರಿಕೋ’ ಧಾರಾವಾಹಿಯನ್ನು ನಿಲ್ಲಿಸಿದಾಗ ಅಭಿಮಾನಿಗಳು ಕಾಗದದ ಬದಲು ಕಡಲೆಕಾಯಿ ಕಳಿಸಿದರು, ಇಪ್ಪತ್ತು ಟನ್ನಿಗೂ ಮಿಕ್ಕಿ. ಕೊನೆಯ ಕಂತಿನ ಮಾತೊಂದನ್ನು ಹಿಡಿದು ಮಾಡಿದ ತಮಾಷೆ ಅದು. ಏಳು ಕಂತು ಹೆಚ್ಚಿಗೆ ಸಿಕ್ಕವು, ಮರುವರ್ಷ ಮತ್ತೆ ಬಾಗಿಲು ಹಾಕಿತು. ಟನ್ನುಗಟ್ಟಲೆ ಕಡಲೆಕಾಯಿ ಪತ್ರಿಕೆಗಳಿಗೆ ಸುದ್ದಿ. ಯಾರು ನೋಡುತ್ತಾರೆ, ಏಕೆ ನೋಡುತ್ತಾರೆ ಎಂಬುದನ್ನು ಅದು ಹೇಳುವುದಿಲ್ಲ.

ಬರೆಯುವುದಾದರೆ ನಾನು ಯಾವ ಕಂತನ್ನು ಮನೆಯಲ್ಲಿ ಯಾರ ಜೊತೆ ಕೂತು ನೋಡಿದೆ ಎಂದು ಬರೆದೇನು. ಕೊನೆಗೆ ‘ನಿಲ್ಲಿಸಬೇಡಿ’ ಎನ್ನುವುದರ ಜೊತೆಗೆ, ಯಾವ ವಾರ, ಎಷ್ಟು ಗಂಟೆಗೆ ಹಾಕುತ್ತೀರಿ ಎಂದೂ ಕೇಳಿಯೇನು.